ಟೆಕ್ಸಸ್‌ನಲ್ಲಿ ನಿಮ್ಮ ಹೆಸರಿಗೆ ವಾರಂಟ್ ಬಾಕಿ ಇದೆಯೇ? ಡಾಲಸ್ ಸುತ್ತಮುತ್ತಲಿನ ಹೊಸಬರಿಗೆ ಮಾರ್ಗದರ್ಶಿ

ಅರ್ವಿಂಗ್, ಪ್ಲೇನೊ, ಫ್ರಿಸ್ಕೊ, ಕೊಪೆಲ್ ಕಡೆಗೆ ಹೊಸದಾಗಿ ಬಂದು ನೆಲೆಸುವ ಕನ್ನಡಿಗರಲ್ಲಿ ಹೆಚ್ಚಿನವರು ವಾರಂಟ್ ಎಂದರೆ ಕಳ್ಳತನ, ಹೊಡೆದಾಟ ಮಾಡಿದವರಿಗೆ ಸಂಬಂಧಿಸಿದ ವಿಷಯ ಎಂದೇ ತಿಳಿದಿರುತ್ತಾರೆ. ಈ ಊರಿನಲ್ಲಿ ಹಲವು ವರ್ಷಗಳಿಂದ ಇದ್ದು, ನಮ್ಮವರ ಜೊತೆ ಕೋರ್ಟಿನ ಕಿಟಕಿಯ ಮುಂದೆ ನಿಂತವನಾಗಿ ನಾನು ಕಂಡಿರುವುದು ಬೇರೆ. ನಮ್ಮವರ ಹೆಸರಿಗೆ ಹೊರಡುವ ವಾರಂಟ್‌ಗಳ ಮೂಲದಲ್ಲಿ ಸಾಮಾನ್ಯವಾಗಿ ಇರುವುದು ವೇಗದ ಮಿತಿ ಮೀರಿದ ಟಿಕೆಟ್, ಅವಧಿ ಮುಗಿದ ರಿಜಿಸ್ಟ್ರೇಷನ್, ಇಲ್ಲವೇ ಕಟ್ಟದೆ ಉಳಿದ ಟೋಲ್. ವಾರಂಟ್ ಹೊರಡುವುದು ಆ ತಪ್ಪಿಗಲ್ಲ, ಹೇಳಿದ ದಿನದೊಳಗೆ ಕೋರ್ಟಿಗೆ ಉತ್ತರ ಕೊಡದೆ, ಇಲ್ಲವೇ ತೀರ್ಪಾದ ದಂಡ ಕಟ್ಟದೆ ಹೋದುದಕ್ಕೆ. ಆದ್ದರಿಂದ ವಾರಂಟ್ ಇದೆಯೆಂದು ಗೊತ್ತಾದವರು, ಇರಬಹುದೆಂಬ ಅನುಮಾನವಿರುವವರು, ಪೊಲೀಸರು ಹುಡುಕಿಕೊಂಡು ಬರುವ ಮುಂಚೆ ತಾವಾಗಿಯೇ ಕೋರ್ಟಿನ ಮುಂದೆ ಹೋಗುವುದೇ ಸರಿಯಾದ ದಾರಿ. ನಾನು ವಕೀಲನಲ್ಲ, ಎಲ್ಲಿ ವಕೀಲರನ್ನು ಕಾಣಲೇಬೇಕು ಎಂಬುದನ್ನು ಆಯಾ ಜಾಗದಲ್ಲಿ ಹೇಳುತ್ತೇನೆ.

ನಮ್ಮವರು ಇದರಲ್ಲಿ ಸಿಕ್ಕಿಕೊಳ್ಳುವುದಕ್ಕೆ ಕಾರಣ ಊರಿನ ಅಭ್ಯಾಸ. ಬೆಂಗಳೂರಿನಲ್ಲಿ ಸಂಚಾರ ದಂಡ ವಾಹನದ ಸಂಖ್ಯೆಯ ಮೇಲೆ ಬಾಕಿ ಬಿದ್ದಿರುತ್ತದೆ, ಬಿಡುವಾದಾಗ ಕಟ್ಟಿದರಾಯಿತು ಎಂಬ ಭಾವನೆ ಇರುತ್ತದೆ. 2023ರ ಫೆಬ್ರವರಿಯಲ್ಲಿ ಸರ್ಕಾರವೇ ಬಾಕಿ ದಂಡದ ಮೇಲೆ ಶೇ 50 ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತು ಕಟ್ಟಿದರು. ಕಾದವರಿಗೆ ಲಾಭವೇ ಆಯಿತು. ಟೆಕ್ಸಸ್‌ನ ವ್ಯವಸ್ಥೆ ಹಾಗಿಲ್ಲ. ಕೆಂಪು ದೀಪದ ಕ್ಯಾಮೆರಾ ಟಿಕೆಟ್‌ಗಳನ್ನು ಈ ರಾಜ್ಯ 2019ರಲ್ಲಿ ನಿಷೇಧಿಸಿದೆ. ಇಲ್ಲಿ ಟಿಕೆಟ್ ಬರುವುದು ಕಾರಿನ ಕಿಟಕಿಯ ಬಳಿ ನಿಂತ ಅಧಿಕಾರಿಯ ಕೈಯಿಂದ, ಚಾಲಕನ ಹೆಸರಿಗೆ, ಸಹಿಯೊಂದಿಗೆ. ಆ ಸಹಿ ತಪ್ಪೊಪ್ಪಿಗೆಯಲ್ಲ. ಇಂತಿಷ್ಟು ದಿನದೊಳಗೆ ಕೋರ್ಟಿಗೆ ಹಾಜರಾಗುತ್ತೇನೆಂದು ಕೊಟ್ಟ ಮುಚ್ಚಳಿಕೆ ಅದು. ಆ ಮಾತು ತಪ್ಪಿದರೆ, ಗೈರುಹಾಜರಿಯೇ ಇನ್ನೊಂದು ಪ್ರತ್ಯೇಕ ಆರೋಪವಾಗಿ ಒಂದು ಟಿಕೆಟ್ ಎರಡು ಪ್ರಕರಣಗಳಾಗಿ ಬೆಳೆಯಬಹುದು.

ಇಂಥ ಟಿಕೆಟ್‌ಗಳು ಕ್ಲಾಸ್ ಸಿ ಮಿಸ್‌ಡಿಮೀನರ್ ಎಂಬ, ಅತಿ ಸಣ್ಣ ಅಪರಾಧಗಳ ವರ್ಗಕ್ಕೆ ಸೇರುತ್ತವೆ. ಸಾಮಾನ್ಯವಾಗಿ 500 ಡಾಲರ್‌ವರೆಗಿನ ದಂಡವೇ ಇದಕ್ಕೆ ಶಿಕ್ಷೆ, ಜೈಲಿಲ್ಲ. ಆದರೂ ಈ ಪ್ರಕರಣಗಳಲ್ಲಿ ಎರಡು ಬಗೆಯ ವಾರಂಟ್ ಹೊರಡುತ್ತದೆ. ನೀವು ಕೋರ್ಟಿಗೆ ಏನೂ ಉತ್ತರ ಕೊಡದಿದ್ದಾಗ ಹೊರಡುವುದು ಏಲಿಯಸ್ ವಾರಂಟ್. ತೀರ್ಪಾದ ಮೇಲೆ ದಂಡವನ್ನು ಕಟ್ಟದಿದ್ದಾಗ ಹೊರಡುವುದು ಕೇಪಿಯಸ್ ಪ್ರೊ ಫೈನ್. ಮಾತಿನಲ್ಲಿ ಎರಡನ್ನೂ ಬೆಂಚ್ ವಾರಂಟ್ ಎಂದುಬಿಡುತ್ತಾರಾದರೂ, ಕೋರ್ಟಿನಲ್ಲಿ ವಿಚಾರಿಸುವಾಗ ಯಾವುದು ಎಂದು ಕೇಳಿ ಬರೆದುಕೊಳ್ಳಿ. ಮೊದಲನೆಯದರಲ್ಲಿ ನಿಮ್ಮ ಪ್ರಕರಣ ಇನ್ನೂ ತೆರೆದಿರುತ್ತದೆ, ವಾದಿಸಲು ಅವಕಾಶವಿರುತ್ತದೆ. ಎರಡನೆಯದರಲ್ಲಿ ತೀರ್ಪು ಬಿದ್ದಾಗಿರುತ್ತದೆ.

2017ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಮೊದಲ ಸಲದ ಗೈರುಹಾಜರಿಗೆ ನ್ಯಾಯಾಧೀಶರು ನೇರವಾಗಿ ವಾರಂಟ್ ಹೊರಡಿಸುವಂತಿಲ್ಲ. ಅಂಚೆಯಲ್ಲಿಯೋ ಫೋನಿನಲ್ಲಿಯೋ ಮೊದಲು ತಿಳಿಸಿ, 30 ದಿನಗಳೊಳಗಿನ ಇನ್ನೊಂದು ದಿನಾಂಕವನ್ನು ಕೊಡಬೇಕು. ಆದರೆ ಆ ಪತ್ರ ಹೋಗುವುದು ನಿಮ್ಮ ಲೈಸೆನ್ಸಿನಲ್ಲಿರುವ ವಿಳಾಸಕ್ಕೆ. ಮೊದಲ ವರ್ಷ ಅರ್ವಿಂಗ್‌ನ ಅಪಾರ್ಟ್‌ಮೆಂಟ್, ಲೀಸ್ ಮುಗಿದ ಮೇಲೆ ಲೂಯಿಸ್‌ವಿಲ್, ಮಕ್ಕಳ ಶಾಲೆಗೆಂದು ಫ್ರಿಸ್ಕೊ ಎಂದು ಮನೆ ಬದಲಿಸುತ್ತಾ ಹೋಗುವ ನಮ್ಮಂಥವರಿಗೆ ಆ ಪತ್ರ ತಲುಪುವುದೇ ಇಲ್ಲ. ವಿಳಾಸ ಬದಲಾದ 30 ದಿನಗಳೊಳಗೆ, ಲೈಸೆನ್ಸ್ ಕೊಡುವ ರಾಜ್ಯ ಇಲಾಖೆಯಾದ ಡಿಪಿಎಸ್‌ಗೆ ತಿಳಿಸಬೇಕೆಂಬುದು ಈ ರಾಜ್ಯದ ನಿಯಮ. ವಲಸೆ ಇಲಾಖೆಗೆ 10 ದಿನಗಳೊಳಗೆ ವಿಳಾಸ ಬದಲಾವಣೆಯ ಎಆರ್-11 ಅರ್ಜಿ ಸಲ್ಲಿಸಬೇಕೆಂಬುದು ಎಲ್ಲರಿಗೂ ನೆನಪಿರುತ್ತದೆ, ಇದು ಮರೆತುಹೋಗುತ್ತದೆ. ಕೋರ್ಟಿನಲ್ಲಿ ಪ್ರಕರಣ ಬಾಕಿಯಿದ್ದರೆ ಆ ಕೋರ್ಟಿಗೂ ಬೇರೆಯಾಗಿ ವಿಳಾಸ ತಿಳಿಸಬೇಕು.

ಇನ್ನು ಹುಡುಕುವ ಬಗೆ. ಬಾಕಿ ಇರುವ ಎಲ್ಲ ವಾರಂಟ್‌ಗಳನ್ನೂ ಸಾರ್ವಜನಿಕರು ಒಂದೇ ಕಡೆ ನೋಡಬಹುದಾದ ರಾಜ್ಯಮಟ್ಟದ ಪಟ್ಟಿ ಟೆಕ್ಸಸ್‌ನಲ್ಲಿ ಇಲ್ಲ. ನೀವು ವಾಸವಿರುವ ಊರಿನಲ್ಲಿ ವಿಚಾರಿಸಿ ಸುಮ್ಮನಾದರೆ ಸಾಲದು. ಟಿಕೆಟ್ ಎಲ್ಲಿ ಸಿಕ್ಕಿತೋ ಅಲ್ಲಿ ವಿಚಾರಿಸಬೇಕು. ನಗರದ ಪೊಲೀಸರು ಕೊಟ್ಟದ್ದಾದರೆ ಆ ನಗರದ ಮುನಿಸಿಪಲ್ ಕೋರ್ಟ್. ಹೆದ್ದಾರಿಯಲ್ಲಿ ರಾಜ್ಯದ ಟ್ರೂಪರ್, ಕೌಂಟಿಯ ಶೆರಿಫ್ ಅಥವಾ ಕಾನ್‌ಸ್ಟೇಬಲ್ ಕೊಟ್ಟದ್ದಾದರೆ ಆ ಪ್ರದೇಶದ ಜಸ್ಟಿಸ್ ಆಫ್ ದಿ ಪೀಸ್ ಕೋರ್ಟ್, ಅಂದರೆ ಜೆಪಿ ಕೋರ್ಟ್. ಆಸ್ಟಿನ್‌ಗೋ ಹ್ಯೂಸ್ಟನ್‌ಗೋ ಕಾರಿನಲ್ಲಿ ಹೋಗುವಾಗ ದಾರಿಯ ಸಣ್ಣ ಊರಿನಲ್ಲಿ ಸಿಕ್ಕಿದ ಟಿಕೆಟ್ ಆ ಊರಿನ ಕೋರ್ಟಿನಲ್ಲೇ ಇರುತ್ತದೆ. ಡಾಲಸ್, ಕಾಲಿನ್, ಡೆಂಟನ್, ಟ್ಯಾರಂಟ್ ಈ ನಾಲ್ಕೂ ಕೌಂಟಿಗಳ ದಾಖಲೆ ಬೇರೆ ಬೇರೆ. ಟಿಕೆಟ್ ಕಳೆದುಹೋಗಿದ್ದರೂ ಪರವಾಗಿಲ್ಲ. ಹೆಚ್ಚಿನ ಕೋರ್ಟ್‌ಗಳ ಜಾಲತಾಣದಲ್ಲಿ ಹೆಸರು, ಹುಟ್ಟಿದ ದಿನಾಂಕ ಅಥವಾ ಲೈಸೆನ್ಸ್ ಸಂಖ್ಯೆ ಕೊಟ್ಟು ಹುಡುಕಬಹುದು, ಇಲ್ಲವೇ ಕೋರ್ಟಿನ ಗುಮಾಸ್ತರಿಗೆ ಫೋನ್ ಮಾಡಿ ಕೇಳಬಹುದು.

ಹೆಸರಿನ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮವರು ಹುಡುಕಿ ಏನೂ ಸಿಗದೆ ನಿರಾಳರಾಗಿಬಿಡುವುದು ಇಲ್ಲಿಯೇ. ನಮ್ಮ ಹೆಸರುಗಳಲ್ಲಿ ಊರಿನ ಹೆಸರು, ತಂದೆಯ ಹೆಸರು, ಇನಿಷಿಯಲ್ ಎಲ್ಲ ಸೇರಿರುತ್ತವೆ. ಪಾಸ್‌ಪೋರ್ಟಿನಲ್ಲಿ ಒಂದು ಕ್ರಮ, ಲೈಸೆನ್ಸಿನಲ್ಲಿ ಇನ್ನೊಂದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ತಿಳಿದಿಲ್ಲ, ಎಂದು ಬಂದಿರುತ್ತದೆ. ಹಾಸನದ ಕಡೆಯ ಯುವಕನೊಬ್ಬನ ಜೊತೆ ಹುಡುಕಲು ಕುಳಿತಾಗ ಅವನ ಹೆಸರಿನಲ್ಲಿ ಏನೂ ಸಿಗಲಿಲ್ಲ. ಊರಿನ ಹೆಸರನ್ನೇ ಕುಲನಾಮವೆಂದು ಹಾಕಿ ನೋಡಿದಾಗ ಹಳೆಯ ಟಿಕೆಟ್ ಮತ್ತು ಅದರ ಪಕ್ಕದಲ್ಲೇ ಗೈರುಹಾಜರಿಯ ಪ್ರಕರಣ ತೆರೆದುಕೊಂಡವು. ಹೆಸರನ್ನು ಹಿಂದುಮುಂದಾಗಿಸಿ, ಇನಿಷಿಯಲ್ ಬಿಡಿಸಿ, ಎಫ್‌ಎನ್‌ಯು ಹಾಕಿ, ಎಲ್ಲ ಬಗೆಯಲ್ಲೂ ನೋಡಿ. ಹುಟ್ಟಿದ ದಿನಾಂಕದಲ್ಲಿ ತಿಂಗಳು ಮೊದಲು ಬರಬೇಕೆಂಬುದನ್ನೂ ಮರೆಯಬೇಡಿ.

ಇದರ ಜೊತೆಗೆ ಆಮ್ನಿಬೇಸ್ ಎಂಬ ವ್ಯವಸ್ಥೆಯನ್ನೂ ನೋಡಲೇಬೇಕು. ಗೈರುಹಾಜರಾದವರ ಹೆಸರನ್ನು ಹಲವು ಕೋರ್ಟ್‌ಗಳು ಇದಕ್ಕೆ ಕಳಿಸುತ್ತವೆ; ಹೆಸರು ಅಲ್ಲಿರುವವರೆಗೆ ಡಿಪಿಎಸ್ ಲೈಸೆನ್ಸ್ ನವೀಕರಿಸಲು ನಿರಾಕರಿಸಬಹುದು. ಲೈಸೆನ್ಸ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಕೊಟ್ಟರೆ ಯಾವ ಕೋರ್ಟಿನಲ್ಲಿ ಯಾವ ಪ್ರಕರಣ ಬಾಕಿಯಿದೆ ಎಂದು ಇದರ ಜಾಲತಾಣ ತೋರಿಸುತ್ತದೆ. ಇಲ್ಲಿನ ನಾಗರಿಕರ ಲೈಸೆನ್ಸ್ ವರ್ಷಗಟ್ಟಲೆ ನಡೆಯುತ್ತದೆ. ಎಚ್-1ಬಿ, ಎಚ್-4, ಎಫ್-1ರಲ್ಲಿರುವ ನಮಗೆ ಸಿಗುವುದು ವೀಸಾ ಸ್ಥಿತಿಯ ಅವಧಿಗೆ ಕಟ್ಟಿದ ಸೀಮಿತ ಅವಧಿಯ ಲೈಸೆನ್ಸ್. ಪ್ರತಿ ವಿಸ್ತರಣೆಯ ನಂತರ ಡಿಪಿಎಸ್ ಕಚೇರಿಗೆ ಹೋಗಲೇಬೇಕು. ಬೇರೆಯವರಿಗೆ ಯಾವಾಗಲೋ ತಟ್ಟುವ ತಡೆ ನಮಗೆ ಬೇಗ ತಟ್ಟುತ್ತದೆ. ಲೈಸೆನ್ಸ್ ಇಲ್ಲದೆ ಈ ಊರಿನಲ್ಲಿ ಕೆಲಸಕ್ಕೂ ಹೋಗಲಾಗದು, ಮಗುವನ್ನು ಡಾಕ್ಟರ ಬಳಿಗೂ ಕರೆದೊಯ್ಯಲಾಗದು.

ಟೋಲ್ ರಸ್ತೆಗಳ ಬಗ್ಗೆಯೂ ಒಂದು ಮಾತು. ಟೋಲ್‌ಟ್ಯಾಗ್ ಇಲ್ಲದಿದ್ದರೆ ಬಿಲ್ ಅಂಚೆಯಲ್ಲಿ, ಹೆಚ್ಚಿನ ದರದಲ್ಲಿ ಬರುತ್ತದೆ. ಹಳೆಯ ವಿಳಾಸಕ್ಕೆ ಹೋದ ಬಿಲ್‌ಗಳು ರಾಶಿಯಾಗಿ, ವರ್ಷದಲ್ಲಿ 100 ಟೋಲ್ ಬಾಕಿಯಾಗಿ, ಎರಡು ನೋಟಿಸ್‌ಗೂ ಉತ್ತರ ಹೋಗದಿದ್ದರೆ ವಾಹನದ ರಿಜಿಸ್ಟ್ರೇಷನ್ ತಡೆಹಿಡಿಯಬಹುದು. ಪ್ರಕರಣ ಜೆಪಿ ಕೋರ್ಟಿಗೆ ಹೋದರೆ ಅಲ್ಲಿಂದಲೂ ವಾರಂಟ್ ಹೊರಡಬಹುದು.

ವಾರಂಟ್ ಇರುವುದು ಖಚಿತವಾದ ಮೇಲೆ ಮೊದಲು ನೋಡಬೇಕಾದದ್ದು ಆರೋಪದ ವರ್ಗ. ಕ್ಲಾಸ್ ಬಿ ಅಥವಾ ಅದಕ್ಕಿಂತ ಮೇಲಿನದಾದರೆ, ಉದಾಹರಣೆಗೆ ಕುಡಿದು ವಾಹನ ಚಲಾಯಿಸಿದ್ದು, 100 ಡಾಲರಿಗೆ ಮೇಲ್ಪಟ್ಟ ಅಂಗಡಿ ಕಳ್ಳತನದ ಆರೋಪ, ಮನೆಯವರ ಮೇಲಿನ ಹಲ್ಲೆಯ ಆರೋಪ ಇಂಥವಾದರೆ, ಒಬ್ಬರೇ ಕೋರ್ಟಿಗಾಗಲಿ ಠಾಣೆಗಾಗಲಿ ಹೋಗಬೇಡಿ. ಕ್ರಿಮಿನಲ್ ವಕೀಲರನ್ನು ಗೊತ್ತುಮಾಡಿಕೊಂಡು, ಜಾಮೀನಿನ ಏರ್ಪಾಡು ಮಾಡಿಕೊಂಡು, ಅವರು ಹೇಳಿದ ದಿನ ಅವರೊಂದಿಗೇ ಹೋಗಿ. ನಾಗರಿಕರಲ್ಲದವರಿಗೆ ತಪ್ಪೊಪ್ಪಿಗೆಯಿಂದ ವಲಸೆಯ ಮೇಲಾಗುವ ಪರಿಣಾಮವನ್ನು ವಕೀಲರು ತಿಳಿಸಲೇಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಪಡಿಲ್ಲಾ ಪ್ರಕರಣದಲ್ಲಿ ಹೇಳಿದೆ. ಆ ಪ್ರಶ್ನೆಯನ್ನು ನೀವೇ ಮುಂದಾಗಿ ಕೇಳಿ.

ಕ್ಲಾಸ್ ಸಿ ಸಂಚಾರ ಪ್ರಕರಣವಾದರೆ ಧೈರ್ಯವಾಗಿ ಹೋಗಬಹುದು. ವಾರಂಟ್ ಜಾರಿಯಾಗುವ ಮುಂಚೆ ನೀವಾಗಿಯೇ ಹಾಜರಾಗಿ, ಇತ್ಯರ್ಥಕ್ಕೆ ಪ್ರಾಮಾಣಿಕವಾಗಿ ಪ್ರಯತ್ನಿಸಿದರೆ, ಗೈರುಹಾಜರಿಯ ವಾರಂಟನ್ನು ಕೋರ್ಟ್ ಹಿಂತೆಗೆದುಕೊಳ್ಳಬೇಕು ಎಂದು ಟೆಕ್ಸಸ್ ಕಾನೂನೇ ಹೇಳುತ್ತದೆ. ಮುಂಚಿತವಾಗಿ ಫೋನ್ ಮಾಡಿ, ನ್ಯಾಯಾಧೀಶರನ್ನು ನೇರವಾಗಿ ಕಾಣಬಹುದಾದ ದಿನ ಯಾವುದೆಂದು ಕೇಳಿ. ಅನೇಕ ಮುನಿಸಿಪಲ್ ಕೋರ್ಟ್‌ಗಳು ಇದಕ್ಕೆಂದೇ ಸಮಯ ಇಟ್ಟಿರುತ್ತವೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ರಾಜ್ಯದ ಹಲವು ನಗರಗಳು ಒಟ್ಟಾಗಿ ಬಾಕಿ ವಾರಂಟ್‌ಗಳ ಜಾರಿಗೆ ಇಳಿಯುವ ರೂಢಿಯಿದೆ. ಅದಕ್ಕೆ ಮುನ್ನವೇ ಹೋಗುವುದು ಒಳ್ಳೆಯದು.

ಕಿಟಕಿಯ ಮುಂದೆ ನಿಂತಾಗ ನಮ್ಮವರು ಸಾಮಾನ್ಯವಾಗಿ ಕ್ರೆಡಿಟ್ ಕಾರ್ಡ್ ತೆಗೆದು, ಎಷ್ಟಾಗುತ್ತದೋ ತೆಗೆದುಕೊಳ್ಳಿ, ಮುಗಿಸಿಬಿಡಿ ಎನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಟಿಕೆಟ್ಟಿನ ಹಣವನ್ನು ಪೂರ್ತಿ ಕಟ್ಟುವುದೆಂದರೆ ಆರೋಪವನ್ನು ವಿರೋಧಿಸುವುದಿಲ್ಲವೆಂದು ಒಪ್ಪಿದಂತೆ, ಅಪರಾಧ ಸಾಬೀತಾದಂತೆ ದಾಖಲಾಗುತ್ತದೆ. ಆನ್‌ಲೈನಿನಲ್ಲಿ ಕಟ್ಟಿದರೂ ಅಷ್ಟೇ. ಮೊದಲು ನ್ಯಾಯಾಧೀಶರ ಮುಂದೆ ಹಾಜರಾಗಬೇಕೆಂದು ಹೇಳಿ. ಡಿಫರ್ಡ್ ಡಿಸ್ಪೊಸಿಷನ್ ಕೊಡುವರೇ ಎಂದು ಕೇಳಿ. ಗರಿಷ್ಠ 180 ದಿನಗಳವರೆಗೆ ಷರತ್ತು ಪಾಲಿಸಿದರೆ ಪ್ರಕರಣವೇ ವಜಾ ಆಗುವ ವ್ಯವಸ್ಥೆ ಅದು. ಡ್ರೈವಿಂಗ್ ಸೇಫ್ಟಿ ಕೋರ್ಸ್ ಮಾಡಿ ವಜಾ ಮಾಡಿಸಿಕೊಳ್ಳುವ ಹಕ್ಕು ಟಿಕೆಟ್ಟಿನ ದಿನಾಂಕದೊಳಗೆ ಕೇಳಿದವರಿಗೆ ಮಾತ್ರ. ತಡವಾದ ಮೇಲೆ ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು, ಆದರೂ ಕೇಳುವುದರಲ್ಲಿ ತಪ್ಪಿಲ್ಲ. ವಾದಿಸಬೇಕೆಂದಿದ್ದರೆ ಜಾಮೀನು ಹಣ ಇಟ್ಟು ಹೊಸ ದಿನಾಂಕ ಪಡೆಯಬಹುದು, ಅಥವಾ ವಕೀಲರ ಮೂಲಕ ಬಾಂಡ್ ಸಲ್ಲಿಸಬಹುದು. ಹಣದ ತೊಂದರೆಯಿದ್ದರೆ ನಾಚಿಕೆಪಡದೆ ಹೇಳಿ. ಕಂತು, ಸಮುದಾಯ ಸೇವೆ, ದಂಡದಲ್ಲಿ ಕಡಿತ ಇವೆಲ್ಲ ನ್ಯಾಯಾಧೀಶರ ಕೈಯಲ್ಲಿವೆ. ದಂಡದ ಮೇಲೆ ವಾರಂಟ್ ಶುಲ್ಕ 50 ಡಾಲರ್, ಆಮ್ನಿಬೇಸ್ ಶುಲ್ಕ 10 ಡಾಲರ್ ಸೇರಬಹುದು.

ಕ್ಲಾಸ್ ಸಿ ಆದರೂ ವಕೀಲರನ್ನು ಕೇಳದೆ ಮುಟ್ಟಬಾರದ ಒಂದು ಬಗೆಯಿದೆ. 100 ಡಾಲರಿಗಿಂತ ಕಡಿಮೆ ಬೆಲೆಯ ವಸ್ತು ಕದ್ದ ಆರೋಪ, ಅಂದರೆ ಅಂಗಡಿಯ ಸೆಲ್ಫ್ ಚೆಕ್‌ಔಟಿನಲ್ಲಿ ಕೆಲವು ಸಾಮಾನು ಸ್ಕ್ಯಾನ್ ಆಗದೆ ಹೊರಬಂದಾಗ ಬೀಳುವಂಥದ್ದು, ಕಾಗದದಲ್ಲಿ ಸಂಚಾರ ಟಿಕೆಟ್ಟಿನಂತೆಯೇ ಕಾಣುತ್ತದೆ. ಆದರೆ ವಲಸೆ ಕಾನೂನು ಕಳ್ಳತನವನ್ನು ನೈತಿಕ ಅಧಃಪತನದ ಅಪರಾಧವೆಂದು ನೋಡುತ್ತದೆ. ದಂಡ ಕಟ್ಟಿ ಕೈತೊಳೆದುಕೊಂಡವರಿಗೆ ವೀಸಾ ಮುದ್ರೆಯ ಸಮಯದಲ್ಲೋ ಗ್ರೀನ್ ಕಾರ್ಡಿನ ಸಮಯದಲ್ಲೋ ಅದು ಎದುರಾಗುತ್ತದೆ. 2025ರ ಏಪ್ರಿಲ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಹೆಸರುಗಳನ್ನು ರಾಷ್ಟ್ರೀಯ ಅಪರಾಧ ದತ್ತಾಂಶದಲ್ಲಿ ತಾಳೆ ನೋಡಿ ಸಾವಿರಾರು ಮಂದಿಯ ಸೆವಿಸ್ ದಾಖಲೆ, ಅಂದರೆ ವಿದ್ಯಾರ್ಥಿ ವೀಸಾ ಸ್ಥಿತಿಯ ಸರ್ಕಾರಿ ದಾಖಲೆ, ರದ್ದು ಮಾಡಿದಾಗ, ಸಣ್ಣ ಸಂಚಾರ ಪ್ರಕರಣದವರೂ ವಜಾ ಆದ ಪ್ರಕರಣದವರೂ ಅದರಲ್ಲಿದ್ದರು. ಕೋರ್ಟಿಗೆ ಹೋದ ಮೇಲೆ ಆ ತಿಂಗಳ ಕೊನೆಯಲ್ಲಿ ದಾಖಲೆಗಳು ಮರಳಿ ಸಕ್ರಿಯವಾದವು, ಆದರೆ ನಡುವಿನ ವಾರಗಳಲ್ಲಿ ಆ ಮಕ್ಕಳೂ ಊರಿನಲ್ಲಿದ್ದ ತಂದೆತಾಯಿಯರೂ ಪಟ್ಟ ಸಂಕಟ ಸಣ್ಣದಲ್ಲ.

ವಾರಂಟ್ ಇದೆಯೆಂದು ಫೋನ್ ಮಾಡಿ, ಗಿಫ್ಟ್ ಕಾರ್ಡಿನಲ್ಲೋ ಝೆಲ್ಲಿನಲ್ಲೋ ಈಗಲೇ ಹಣ ಕಳಿಸಿ ಎನ್ನುವವರು ಮೋಸಗಾರರು. ಜ್ಯೂರಿ ಕರೆಗೆ, ಅಂದರೆ ಪ್ರಕರಣದಲ್ಲಿ ತೀರ್ಪು ಹೇಳಲು ಸಾಮಾನ್ಯ ನಾಗರಿಕರಿಗೆ ಕೋರ್ಟ್ ಕಳಿಸುವ ಕರೆಗೆ, ಬರಲಿಲ್ಲವೆಂದು ಹೆದರಿಸುವುದು ಅವರ ಹಳೆಯ ಪಟ್ಟು. ಫೋನ್ ಇಟ್ಟು, ಕೋರ್ಟಿನ ಸಂಖ್ಯೆಯನ್ನು ನೀವೇ ಹುಡುಕಿ ಕರೆ ಮಾಡಿ. ನಿಜವಾದ ಜ್ಯೂರಿ ಪತ್ರ ಲೈಸೆನ್ಸ್ ಪಟ್ಟಿಯಿಂದ ನಮಗೂ ಬರುವುದುಂಟು. ಅದನ್ನು ಎಸೆಯದೆ, ಅಮೆರಿಕದ ನಾಗರಿಕನಲ್ಲ ಎಂಬಲ್ಲಿ ಗುರುತು ಹಾಕಿ ಹಿಂದಿರುಗಿಸಬೇಕು.

ಇತ್ಯರ್ಥಕ್ಕೆ ಮುಂಚೆಯೇ ರಸ್ತೆಯಲ್ಲಿ ತಡೆದು ಬಂಧಿಸಿದರೆ ಎದುರು ಮಾತಾಡಬೇಡಿ, ಸುಳ್ಳು ಹೇಳಬೇಡಿ. ಹೆಸರು, ವಿಳಾಸ, ಹುಟ್ಟಿದ ದಿನಾಂಕ ಹೇಳಿ, ಉಳಿದದ್ದನ್ನು ವಕೀಲರೊಂದಿಗೆ ಮಾತಾಡಿದ ಮೇಲೆ ಹೇಳುತ್ತೇನೆಂದು ತಿಳಿಸಿ. ಹ್ಯೂಸ್ಟನ್‌ನ ಭಾರತೀಯ ಕಾನ್ಸುಲೇಟಿಗೆ ತಿಳಿಸಿರೆಂದು ಕೇಳುವ ಹಕ್ಕು ವಿಯೆನ್ನಾ ಒಪ್ಪಂದದಡಿ ನಿಮಗಿದೆ, ಆದರೆ ನೀವು ಕೇಳಿದರೆ ಮಾತ್ರ. ಮನೆಯವರ ಒಂದು ಫೋನ್ ಸಂಖ್ಯೆ ಬಾಯಿಪಾಠವಿರಲಿ, ಮೊಬೈಲ್ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಪ್ರಕರಣ ಮುಗಿದ ದಿನ ಕೋರ್ಟಿನಿಂದ ವಾರಂಟ್ ಹಿಂತೆಗೆದ ಕಾಗದವನ್ನೂ ಅಂತಿಮ ಆದೇಶದ ದೃಢೀಕೃತ ಪ್ರತಿಯನ್ನೂ ಕೇಳಿ ಪಡೆಯಿರಿ. ಪೊಲೀಸರ ಗಣಕದಲ್ಲಿ ಹೆಸರು ಅಳಿಯಲು ಸಮಯ ಹಿಡಿಯಬಹುದಾದ್ದರಿಂದ ಕೆಲವು ವಾರ ಆ ಕಾಗದ ಕಾರಿನಲ್ಲಿಯೇ ಇರಲಿ. ಆಮ್ನಿಬೇಸ್‌ನಲ್ಲಿ ಹೆಸರು ಹೋಗಿದೆಯೇ ಎಂದು ಮತ್ತೆ ನೋಡಿ, ಹೋಗಿರದಿದ್ದರೆ ಕೋರ್ಟಿಗೇ ಫೋನ್ ಮಾಡಿ. ದೃಢೀಕೃತ ಪ್ರತಿಯನ್ನು ಪಾಸ್‌ಪೋರ್ಟಿನ ಜೊತೆ ಇಡಿ. ಗ್ರೀನ್ ಕಾರ್ಡ್ ಅರ್ಜಿಯೂ ಪೌರತ್ವದ ಅರ್ಜಿಯೂ ಬಂಧನವನ್ನಷ್ಟೇ ಅಲ್ಲದೆ ಟಿಕೆಟ್ ಪಡೆದದ್ದನ್ನೂ ಕೇಳುತ್ತವೆ, ಮತ್ತು ಸಣ್ಣ ಕೋರ್ಟ್‌ಗಳು ಹಳೆಯ ಕಡತಗಳನ್ನು ಸದಾಕಾಲ ಇಟ್ಟುಕೊಳ್ಳುವುದಿಲ್ಲ.