ಮೊಲವಿಲ್ಲದೆ ಓಡಿದ ಮುಧೋಳ ನಾಯಿ: ನನ್ನ ಅನುಭವ

"ರಕ್ತದ ರುಚಿ ಹತ್ತದ ನಾಯಿ ಓಡೂದಿಲ್ಲೋ ತಮ್ಮಾ. ಸುಮ್ನ ರೊಕ್ಕ ಹಾಳ ಮಾಡ್ಕೋಬ್ಯಾಡ."

ಮೊಲದ ಬೇಟೆ ಇಲ್ಲದೆ ಮುಧೋಳ ಬೇಟೆನಾಯಿಯನ್ನು ಓಡಿಸಿ ನೋಡುತ್ತೇನೆ ಅಂದಾಗ, ನಾಲ್ಕು ವರ್ಷದ ಹಿಂದೆ ನಮ್ಮ ಓಣಿಯ ಕಾಕಾ ಒಬ್ಬರು ಹೇಳಿದ ಮಾತಿದು. ಅವರು ನಾಯಿ ಬಲ್ಲವರು. ಮರಿಯ ಎದೆ ಮುಟ್ಟಿಯೇ ಮುಂದೆ ಹೇಗೆ ಓಡುತ್ತದೆ ಎಂದು ಹೇಳುತ್ತಾರೆ. ಹೀಗಾಗಿ ಅವರ ಮಾತು ಮನಸ್ಸಿಗೆ ಚುಚ್ಚಿತ್ತು. ಹೋದ ಮಾಘದಲ್ಲಿ ಅವರೇ ನಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲದ ಬದುವಿನ ಮೇಲೆ ನಿಂತು ನನ್ನ ಚಂಪಿ ಓಡುವುದನ್ನು ನೋಡಿದರು. ಒಂದು ಹನಿ ರಕ್ತ ಕಾಣದ ನಾಯಿ ಅದು. ಆ ಓಟ ನೋಡಿದ ಮೇಲೆ ಏಳೆಂಟು ಜನ ಕೇಳಿದ್ದಾರೆ, ಹೇಗೆ ಮಾಡಿದೆ ಅಂತ. ಅದಕ್ಕೇ ಬರೆಯುತ್ತಿದ್ದೇನೆ. ನಾಯಿ ಸಾಕುವುದು ಹೇಗೆ ಎಂದು ಇಲ್ಲಿ ಹೇಳುವುದಿಲ್ಲ, ಅದು ನಿಮಗೆಲ್ಲ ಗೊತ್ತಿರುವುದೇ.

ನಮ್ಮದು ಮುಧೋಳ ತಾಲ್ಲೂಕಿನ ಹಳ್ಳಿ. ಘಟಪ್ರಭೆ ಊರಿನ ಮಗ್ಗುಲಲ್ಲೇ ಹರಿಯುತ್ತದೆ. ನನ್ನ ಅಜ್ಜನಿಗೆ ಎರಡೇ ಹುಚ್ಚು: ಬೇಟೆ ಮತ್ತು ಮೀನು. ಚಳಿಗಾಲ ಕಳೆದು ಜೋಳ ಕೀಳುವ ಹೊತ್ತಿಗೆ ನಾಯಿ ಕರೆದುಕೊಂಡು ಹೊರಡುತ್ತಿದ್ದ. ನಾನು ಹಿಂದಿನಿಂದ ರೊಟ್ಟಿ ಗಂಟು ಹೊತ್ತುಕೊಂಡು ಓಡುತ್ತಿದ್ದೆ. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ನಾಲ್ಕೂ ಕಡೆಯಿಂದ ಜೋಳ ಕೀಳುತ್ತಾ ಬಂದ ಹಾಗೆ ಮೊಲಗಳು ನಡುವಿನ ಪೈರಿನೊಳಗೇ ಸರಿಯುತ್ತಾ ಹೋಗುತ್ತವೆ. ಕಡೆಗೆ ಮನೆಯಂಗಳದಷ್ಟು ಜೋಳ ಉಳಿಯುತ್ತದೆ. ಆಗ ಅಜ್ಜ ಮಾತು ನಿಲ್ಲಿಸಿ ಕೈ ಎತ್ತುತ್ತಿದ್ದ. ನಾಯಿಗಳ ಕಿವಿ ಹಿಂದಕ್ಕೆ ಅಂಟಿಕೊಳ್ಳುತ್ತಿದ್ದವು, ಹಿಂಗಾಲಿನ ಸ್ನಾಯು ಸಣ್ಣಗೆ ನಡುಗುತ್ತಿತ್ತು. ಒಂದು ಮೊಲ ಪಕ್ಕನೆ ಹೊರಬಿದ್ದರೆ ಮುಗಿಯಿತು. ನಮ್ಮ ನಾಯಿ ಮೂಸಿ ಹುಡುಕುವ ಜಾತಿ ಅಲ್ಲ, ಕಣ್ಣಿನಿಂದ ಕಂಡು ಬೆನ್ನು ಹತ್ತುವ ಜಾತಿ. ಮೊಲ ಮೂರು ಸಲ ಅಡ್ಡ ತಿರುಗಿದರೆ ನಾಯಿ ಮೂರು ಸಲ ಮುಂದೆ ಹೋಗಿ ಧೂಳೆಬ್ಬಿಸಿ ತಿರುಗುತ್ತಿತ್ತು. ಅಜ್ಜನ ಕರಿ ನಾಯಿ ಮಾತ್ರ ಎರಡನೇ ತಿರುವಿಗೇ ಅಡ್ಡ ಕತ್ತರಿಸುತ್ತಿತ್ತು. ಅಂಥ ನಾಯಿಯನ್ನು ನಾನು ಮತ್ತೆ ನೋಡಿಲ್ಲ.

ಅದೆಲ್ಲ ಈಗ ಇಲ್ಲ, ಇರಲೂಬಾರದು. 1972ರ ವನ್ಯಜೀವಿ ಕಾಯ್ದೆ ಬಂದಾಗಲೇ ಬೇಟೆಗೆ ಕಡಿವಾಣ ಬಿತ್ತು, ಹಳ್ಳಿಗಳಿಗೆ ಅದು ತಿಳಿಯಲು ತಡವಾಯಿತು ಅಷ್ಟೇ. ನಮ್ಮ ಸುತ್ತಲಿನ ಮಡ್ಡಿಯಲ್ಲಿ (ಕಲ್ಲುಗುಡ್ಡದ ಬಯಲಲ್ಲಿ) ಚಿಗರಿ ಅನ್ನುವ ಹುಲ್ಲೆಗಳಿದ್ದವು. ಅವುಗಳ ಸಲುವಾಗಿಯೇ ಈಗ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಆಗಿದೆ, ಒಳ್ಳೆಯದೇ ಆಯಿತು. ಇನ್ನೊಂದು ಕಡೆ ಕಾಲುವೆ ನೀರು ಬಂದು ಕಣ್ಣು ಹಾಯಿಸಿದಷ್ಟೂ ಕಬ್ಬು. ಕಬ್ಬಿನಲ್ಲಿ ನಾಯಿಗೆ ಹತ್ತು ಮಾರು ದೂರವೂ ಕಾಣುವುದಿಲ್ಲ.

ನನ್ನ ಚಿಂತೆ ಬೇರೆಯೇ ಇತ್ತು. ಅಜ್ಜನ ಕಾಲದಲ್ಲಿ ಬೇಟೆಯೇ ಪರೀಕ್ಷೆ. ಓಡಿದ ನಾಯಿಗೇ ಹೆಣ್ಣು ಜೋಡಿ ಮಾಡುತ್ತಿದ್ದರು. ಈಗ ಏನಾಗಿದೆ? 2005ರಲ್ಲಿ ಮುಧೋಳ ನಾಯಿಯ ಅಂಚೆ ಚೀಟಿ ಬಂತು, ಆಮೇಲೆ ಸೈನ್ಯದವರೂ ಮರಿ ಒಯ್ದರು, ಹೆಸರು ಏರಿತು, ರೇಟೂ ಏರಿತು. ಬಣ್ಣ, ಎತ್ತರ, ಮೂತಿಯ ಉದ್ದ ನೋಡಿ ಜೋಡಿ ಮಾಡುತ್ತಾರೆ. ಜೋಡಿ ಮಾಡುವಾಗ ಓಟ ನೋಡುವವರು ಅಪರೂಪ. ಓಟ ನೋಡದೆ ಹತ್ತು ತಲೆಮಾರು ಕಳೆದರೆ ಉಳಿಯುವುದು ತೆಳ್ಳಗಿನ ಸಾದಾ ನಾಯಿ. ಮೊಲ ಕೊಲ್ಲದೆ ಓಟ ನೋಡುವ ದಾರಿ ಬೇಕಿತ್ತು.

ಮೊದಲ ವರ್ಷ ಪೂರ್ತಿ ನಷ್ಟ. ಒಬ್ಬರ ಹತ್ತಿರ ಮರಿಗೆ 12 ಸಾವಿರದಂತೆ ಎರಡು ತಂದೆ. ಆರು ತಿಂಗಳಿಗೆ ಒಂದರ ಬಾಲ ಸುರುಳಿ ಸುತ್ತಿತು, ಕಿವಿ ನೆಟ್ಟಗಾಯಿತು. ಬೆರಕೆ. ದುಡ್ಡು ವಾಪಸ್ ಕೇಳಿದರೆ ಫೋನೇ ಎತ್ತಲಿಲ್ಲ. ಆಮೇಲೆ ಗೆಳೆಯನ ಮನೆಯ ಒಳ್ಳೆ ಹೆಣ್ಣು ನಾಯಿಯನ್ನು ತಂದು ಮರಿ ಹಾಕಿಸಿದೆ. ಏಳು ಮರಿ. 45 ದಿನಕ್ಕೆ ಲಸಿಕೆ ಹಾಕಿಸಬೇಕಿತ್ತು, ಕಬ್ಬು ಕಟಾವಿನ ಗಡಿಬಿಡಿಯಲ್ಲಿ ಒಂದು ವಾರ ತಡ ಮಾಡಿದೆ. ಪಾರ್ವೋ ಬಂತು, ಮರಿಗಳಿಗೆ ವಾಂತಿ ಭೇದಿ ಹಿಡಿಸುವ ವೈರಸ್ ರೋಗ. ಡ್ರಿಪ್, ಇಂಜೆಕ್ಷನ್ ಅಂತ ಒಂಬತ್ತು ಸಾವಿರ ಖರ್ಚಾಯಿತು, ಆದರೂ ಮೂರು ಮರಿ ಹೋದವು. ಒಂದು ಮರಿ ನನ್ನ ತೊಡೆಯ ಮೇಲೇ ಉಸಿರು ಬಿಟ್ಟಿತು. ಅಂದಿನಿಂದ ಲಸಿಕೆಯ ದಿನವನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಡುತ್ತೇನೆ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರಕ್ಕೆ ಹೋಗಿ ಬಂದ ಮೇಲೆ ಜಂತಿನ ಔಷಧವನ್ನೂ ತಪ್ಪಿಸಿಲ್ಲ. ಉಳಿದ ನಾಲ್ಕರಲ್ಲಿ ಒಂದು ಚಂಪಿ.

ಓಡಿಸುವ ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ. ಬೈಕಿನ ಹಿಂದೆ ಹಗ್ಗಕ್ಕೆ ಬಟ್ಟೆ ಕಟ್ಟಿ ಎಳೆದೆ. ಮರಿಗಳು ಬಟ್ಟೆ ಬಿಟ್ಟು ಬೈಕಿನ ಬೆನ್ನು ಹತ್ತಿದವು. ಒಂದು ಸಲ ಚಂಪಿಯ ಮುಂಗಾಲು ಗಾಲಿಗೆ ಸಿಗುವುದು ಕೂದಲೆಳೆಯಲ್ಲಿ ತಪ್ಪಿತು. ಊರಲ್ಲಿ ಬೈಕ್ ಕಂಡರೆ ಓಡುವ ಚಟ ಬಿಡಿಸಲು ಎರಡು ತಿಂಗಳು ಹಿಡಿಯಿತು. ಯಾರೂ ಇದನ್ನು ಮಾಡಬೇಡಿ.

ಬಟ್ಟೆಯ ವಿಷಯದಲ್ಲೂ ಪೆಟ್ಟು ತಿಂದೆ. ನಮ್ಮವ್ವನ ಹಳೆಯ ಕೆಂಪು ಖಣದ ತುಂಡು ಕಟ್ಟಿದ್ದೆ. ನನ್ನ ಕಣ್ಣಿಗೆ ಎದ್ದು ಕಾಣುತ್ತಿತ್ತು, ನಾಯಿಗೆ ಇಲ್ಲ. ನಿಂತಲ್ಲೇ ತಲೆ ಆ ಕಡೆ ಈ ಕಡೆ ಆಡಿಸುತ್ತಿದ್ದವು. ನಾಯಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಮಸಾರಿ ಮಣ್ಣಿನ ಮೇಲೆ ಕೆಂಪು ಬಟ್ಟೆ ಮಣ್ಣಿನಲ್ಲೇ ಕರಗಿ ಹೋದಂತೆ. ಗೊಬ್ಬರದ ಚೀಲದ ಒಳಗಿನ ಬಿಳಿ ಪ್ಲಾಸ್ಟಿಕ್ ಹಾಳೆ ಕಟ್ಟಿದ ದಿನವೇ ಮರಿಗಳ ಕಣ್ಣು ಬೇರೆಯಾಯಿತು. ಗಾಳಿಗೆ ಅದು ಪಟಪಟ ಅನ್ನಬೇಕು, ಸದ್ದೂ ಮುಖ್ಯ. ಅದರ ಒಳಗೆ ಇನ್ನೊಂದು ವಸ್ತು ಸುತ್ತುತ್ತೇನೆ. ಅದು ಏನು ಅಂತ ಇಲ್ಲಿ ಹೇಳುವುದಿಲ್ಲ. ಮಾಂಸವಲ್ಲ, ಚರ್ಮವಲ್ಲ, ಅಷ್ಟು ಹೇಳಬಲ್ಲೆ.

ಬೈಕ್ ಬಿಟ್ಟ ಮೇಲೆ, ಒಂದು ತುದಿಯಲ್ಲಿ ನಿಂತು ಹಗ್ಗ ಸುತ್ತಿ ಈ ಹಾಳೆಯ ಚೀಲವನ್ನು ಎಳೆದುಕೊಳ್ಳುವ ಯಂತ್ರ ಬೇಕಾಯಿತು. ಮೊದಲು ಸೈಕಲ್ ಮಗುಚಿ ಹಾಕಿ ಪೆಡಲ್ ತಿರುಗಿಸಿದೆ. ಮರಿಗೆ ಸಾಕಿತ್ತು, ಬೆಳೆದ ನಾಯಿಗೆ ಸಾಲಲಿಲ್ಲ. ನೂರು ಮೀಟರ್ ಆಗುವುದರೊಳಗೆ ನನ್ನ ತೋಳು ಸೋತು ಹೋಗುತ್ತಿತ್ತು. ಆಮೇಲೆ ಮೇವು ಕತ್ತರಿಸುವ ಮಷಿನ್ನಿನ 2 ಎಚ್‌ಪಿ ಮೋಟರಿಗೆ ಕಟ್ಟಿಗೆಯ ಗಾಲಿ ಕೂಡಿಸಿದೆ. ಮೋಟರಿಗೆ ನಿಧಾನ ಅನ್ನುವುದೇ ಗೊತ್ತಿಲ್ಲ. ಸ್ವಿಚ್ ಹಾಕಿದ ಕೂಡಲೇ ಎಳೆದ ರಭಸಕ್ಕೆ ಹಗ್ಗ ತುಂಡಾಗುತ್ತಿತ್ತು. ತುಂಡಾಗದಿದ್ದರೆ ನಾಯಿ ನೋಡುವುದರೊಳಗೆ ಚೀಲ ಈ ತುದಿಗೆ ಬಂದು ಬಿದ್ದಿರುತ್ತಿತ್ತು. ಮೇಲೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಕರೆಂಟ್ ಬರುವುದು ನಡುರಾತ್ರಿ, ನಾಯಿ ಓಡಬೇಕಾದದ್ದು ಬೆಳಿಗ್ಗೆ. ವೈರು, ಗಾಲಿ, ಸುಟ್ಟ ಮೋಟರಿನ ರಿವೈಂಡಿಂಗ್ ಸೇರಿ ಆರೇಳು ಸಾವಿರ ಮಣ್ಣಾಯಿತು.

ಕೆಲಸ ಆದದ್ದು ಗುಜರಿಯ ಟಿವಿಎಸ್ 50 ಮೊಪೆಡ್ಡಿನಿಂದ. 3,500 ರೂಪಾಯಿ. ಗೇರ್ ಇಲ್ಲ, ಎಕ್ಸಲೇಟರ್ ಎಷ್ಟು ತಿರುವಿದರೆ ಅಷ್ಟು. ಹಿಂದಿನ ಟೈರ್ ಟ್ಯೂಬ್ ಕಿತ್ತು ಬರೀ ರಿಮ್ ಮೇಲೆ ಹಗ್ಗ ಸುತ್ತಿಕೊಳ್ಳುವ ಹಾಗೆ ಮಾಡಿದೆ. ಗಾಡಿಯನ್ನು ಸ್ಟ್ಯಾಂಡ್ ಸಮೇತ ಬೇವಿನ ದಿಮ್ಮಿಗೆ ಬಿಗಿದೆ. ಮೊದಲ ದಿನವೇ ಹಗ್ಗ ಜಾರಿ ಚೈನಿಗೆ ಸಿಕ್ಕಿ ಎಲ್ಲ ಗೋಜಲಾಯಿತು. ವೆಲ್ಡಿಂಗ್ ಅಂಗಡಿಯಲ್ಲಿ ರಿಮ್ಮಿನ ಎರಡೂ ಅಂಚಿಗೆ ಸರಳಿನ ಬಳೆ ಕೂಡಿಸಿಕೊಂಡೆ, 1,200 ತೆಗೆದುಕೊಂಡರು. ಆಮೇಲೆ ಇವತ್ತಿನವರೆಗೆ ಹಗ್ಗ ಜಾರಿಲ್ಲ. ಗಾಡಿಯ ಮುಂದೆ ಹಳೆ ಕಿಟಕಿಯ ಜಾಲರಿ ಅಡ್ಡ ನಿಲ್ಲಿಸಿ, ಹಗ್ಗ ಬರಲು ಸಣ್ಣ ಕಂಡಿ ಬಿಟ್ಟಿದ್ದೇನೆ. ನಾಯಿ ಒಳಗೆ ನುಗ್ಗಿದರೆ ಗತಿ ಏನು, ಅಲ್ವಾ? ಹಾಗಾಗಿ ಕೊನೆಯ ಮೂವತ್ತು ಮೀಟರ್ ಇರುವಾಗಲೇ ಎಕ್ಸಲೇಟರ್ ಬಿಟ್ಟು ಬ್ರೇಕ್ ಹಿಡಿಯುತ್ತೇನೆ.

ಯಂತ್ರ ಸರಿಯಾದರೂ ನಾಯಿ ಸರಿಯಾಗಲಿಲ್ಲ. ಚಂಪಿ ಏಳೆಂಟು ಸಲ ಜೋರಾಗಿ ಓಡಿತು. ಆಮೇಲೆ ಒಂದು ಬೆಳಿಗ್ಗೆ ಚೀಲ ಹೊರಟರೂ ಕುಂಡಿ ಊರಿ ಕುಳಿತು ನನ್ನ ಮುಖ ನೋಡಿತು. ಮರುದಿನವೂ ಹಾಗೇ. ಕಾಕಾನ ಮಾತೇ ನಿಜವಾಯಿತು ಅಂದುಕೊಂಡು ಗಾಡಿ ಮಾರುವ ಯೋಚನೆಗೂ ಬಂದೆ.

ಉತ್ತರ ಸಿಕ್ಕಿದ್ದು ಅಜ್ಜನ ಗಾಳದಲ್ಲಿ. ಬೇಸಿಗೆಯಲ್ಲಿ ಘಟಪ್ರಭೆ ಹರಿಯುವುದು ನಿಂತು ಅಲ್ಲಲ್ಲಿ ಮಡುಗಳಾಗುತ್ತಿತ್ತು. ಅಜ್ಜ ಬಿದಿರಿನ ಕೋಲು, ಜೋಳದ ದಂಟಿನ ಬೆಂಡು, ಎರೆಹುಳ ಇಷ್ಟೇ ಇಟ್ಟುಕೊಂಡು ಜಾಲಿಯ ನೆರಳಲ್ಲಿ ಕೂರುತ್ತಿದ್ದ. ನಾನು ಬೆಂಡು ಅಲುಗಿದ ಕೂಡಲೇ ಎಳೆದುಬಿಡುತ್ತಿದ್ದೆ. ಅಜ್ಜ ನನ್ನ ಮಣಿಕಟ್ಟು ಹಿಡಿದು, "ತಡೀಲೇ, ಅದು ಬಾಯಿ ತುಂಬ ತಗೊಳ್ಳಿ" ಅನ್ನುತ್ತಿದ್ದ. ಬೆಂಡು ಒಂದು ಸಲ ಮುಳುಗಿ, ಎದ್ದು, ಓರೆಯಾಗಿ ಸರಿಯುತ್ತಾ ಹೋಗುವವರೆಗೂ ಅವನ ಕೈ ಬಿಗಿಯಾಗಿಯೇ ಇರುತ್ತಿತ್ತು. ಹುಳದ ರುಚಿಯೇ ಸಿಗದೆ ಒಂದೆರಡು ಸಲ ಗಾಬರಿಯಾದ ಮೀನು ಆ ದಿನ ಮತ್ತೆ ಗಾಳದ ಹತ್ತಿರ ಬರುತ್ತಿರಲಿಲ್ಲ.

ನಾನು ಚಂಪಿಗೆ ಮಾಡಿದ್ದೂ ಅದನ್ನೇ. ಪ್ರತಿ ಸಲವೂ ಚೀಲ ಜಾಲರಿಯ ಒಳಗೆ ಹೋಗಿಬಿಡುತ್ತಿತ್ತು. ಅದಕ್ಕೆ ಒಂದು ಸಲವೂ ಸಿಕ್ಕಿರಲೇ ಇಲ್ಲ! ಹದಿನೈದು ದಿನ ಓಟ ನಿಲ್ಲಿಸಿದೆ. ಎಂಟು ಅಡಿ ಬಿದಿರಿಗೆ ಹಗ್ಗ, ಹಗ್ಗದ ತುದಿಗೆ ಬಿಳಿ ಹಾಳೆ ಕಟ್ಟಿ ಅಂಗಳದಲ್ಲಿ ಆಡಿಸಿದೆ. ಸುತ್ತ ತಿರುಗಿಸುವುದು, ಪಕ್ಕನೆ ನಿಲ್ಲಿಸುವುದು, ಸ್ವಲ್ಪ ನಡುಗಿಸುವುದು, ಕಡೆಗೆ ಹಿಡಿಯಲು ಬಿಡುವುದು. ಹಿಡಿದ ಮೇಲೆ ಕಸಿದುಕೊಳ್ಳಬಾರದು. ಒಂದು ನಿಮಿಷ ತಲೆ ಒದರಿ ಜಾಡಿಸಿಕೊಳ್ಳಲಿ. ದಿನಕ್ಕೆ ಐದೇ ನಿಮಿಷ, ಅದಕ್ಕೆ ಇನ್ನೂ ಬೇಕು ಅನ್ನಿಸುವಾಗಲೇ ಕೋಲು ಒಳಗಿಡುವುದು. ಹದಿನಾರನೇ ದಿನ ಹೊಲಕ್ಕೆ ಒಯ್ದಾಗ ಕೊರಳ ಹಗ್ಗ ನನ್ನ ಕೈ ಸುಲಿಯುವ ಹಾಗೆ ಎಳೆದಾಡಿತು. ಈಗ ಎರಡೂವರೆ ತಿಂಗಳ ಮರಿಗಳಿಗೆ ಮೊದಲು ಕೋಲು, ಹತ್ತು ತಿಂಗಳು ದಾಟಿದ ಮೇಲೆಯೇ ಗಾಡಿ. ಎಲುಬು ಬಲಿಯುವ ಮುಂಚೆ ಪೂರ್ತಿ ಓಡಿಸಬಾರದು.

ತಿರುವು ಕಲಿಸಲು ಹಗ್ಗವನ್ನು ಬಾವಿಯ ಹಳೆ ರಾಟೆಗಳ ಮೇಲೆ ಹಾಯಿಸಿದೆ. ಇಲ್ಲಿ ಒಂದು ದೊಡ್ಡ ತಪ್ಪಾಯಿತು. ಎರಡು ನಾಯಿಗಳನ್ನು ಒಟ್ಟಿಗೆ ಬಿಟ್ಟೆ, ತಿರುವಿನಲ್ಲಿ ಹಿಂದಿನ ನಾಯಿ ಅಡ್ಡ ಬಂದು ಹಗ್ಗ ಅದರ ತೊಡೆಗೆ ತಾಗಿತು. ನೈಲಾನ್ ಹಗ್ಗ ಕತ್ತಿಯ ಹಾಗೆ ಕೊಯ್ದುಬಿಟ್ಟಿತು. ಒಂಬತ್ತು ಹೊಲಿಗೆ. ಈಗ ತಿರುವಿದ್ದರೆ ಒಂದೇ ನಾಯಿ, ಜೋಡಿ ಓಟ ಬರೀ ನೇರ ದಾರಿಯಲ್ಲಿ. ಮೊದಲ ತಿರುವಿನ ರಾಟೆಯನ್ನು ಎಲ್ಲಿ ನೆಡಬೇಕು ಅನ್ನುವುದರಲ್ಲೇ ಎಲ್ಲ ಇದೆ, ಅದನ್ನು ಹೊಲಕ್ಕೆ ಬಂದವರಿಗೆ ತೋರಿಸುತ್ತೇನೆ.

ನೆಲದ ಬಗ್ಗೆಯೂ ಹೇಳಬೇಕು. ಎರಿ ಹೊಲ ಬೇಡ. ಮಾಘ ಕಳೆದರೆ ಬಿರುಕು ಬಿಡುತ್ತದೆ, ಕಾಲು ಸಿಕ್ಕಿದರೆ ಮುರಿಯುತ್ತದೆ. ತೊಗರಿ ಕೊಯ್ದ ಹೊಲದ ಕೂಳೆ ಮೊಳೆಯ ಹಾಗೆ ಇರುತ್ತದೆ. ನಾನು ಮಸಾರಿ ಹೊಲದಲ್ಲಿ ಹತ್ತು ಅಡಿ ಅಗಲದ ಪಟ್ಟಿಗೆ ಎರಡು ಸಲ ಕುಂಟೆ ಹೊಡೆದು, ಜಾಲಿ ಮುಳ್ಳು ಕೈಯಿಂದಲೇ ಆರಿಸಿದ್ದೇನೆ.

ನಡುವೆ ಊಟದ ಪ್ರಯೋಗವೂ ನಡೆಯಿತು. ಅಜ್ಜ ನಾಯಿಗಳಿಗೆ ಜೋಳದ ನುಚ್ಚು, ಮಜ್ಜಿಗೆ ಹಾಕುತ್ತಿದ್ದ. ಮೀನು ಸಿಕ್ಕ ದಿನ ಅದರ ತಲೆ ಬೇಯಿಸಿ ನುಚ್ಚಿಗೆ ಕಿವುಚುತ್ತಿದ್ದ. ನಾನು ಎರಡು ನಾಯಿಗೆ ಅಂಗಡಿಯ ಪ್ಯಾಕೆಟ್ ಆಹಾರ, ಎರಡಕ್ಕೆ ನುಚ್ಚು, ಮೀನಿನ ತಲೆ, ಮೊಟ್ಟೆ ಹಾಕಿ ಮೂರು ತಿಂಗಳು ನೋಡಿದೆ. ಓಟದಲ್ಲಿ ದೊಡ್ಡ ಫರಕು ಕಾಣಲಿಲ್ಲ. ಕೂದಲಿನ ಹೊಳಪು ಮೀನು ತಿಂದವುಗಳದ್ದೇ ಜಾಸ್ತಿ, ಖರ್ಚು ಅರ್ಧಕ್ಕಿಂತ ಕಡಿಮೆ. ಮುಳ್ಳು ಮೆತ್ತಗಾಗುವವರೆಗೆ ಕುಕ್ಕರಿನಲ್ಲಿ ಬೇಯಿಸಿ.

ಮಾಘದ ಆ ಬೆಳಿಗ್ಗೆ ಕಾಕಾ ತಮ್ಮ ಪರಿಚಯದವರ ಗಂಡು ನಾಯಿಯನ್ನೂ ಕರೆಸಿದ್ದರು. ಅದು ಜಾತ್ರೆಯ ಓಟಗಳಲ್ಲಿ ಗೆದ್ದ ನಾಯಿ, ಚಂಪಿಗಿಂತ ಮೂರು ಬೆರಳು ಎತ್ತರ. ದೂರ ಸುಮಾರು 180 ಮೀಟರ್. ಮೊದಲ ಅರ್ಧ ಅದೇ ಮುಂದಿತ್ತು. ಆಮೇಲೆ ಚಂಪಿ ಬೆನ್ನು ಬಿಲ್ಲಿನ ಹಾಗೆ ಮಡಚಿ ಬಿಚ್ಚುತ್ತಾ ಹಿಂಗಾಲುಗಳನ್ನು ಕಿವಿಯ ಪಕ್ಕಕ್ಕೆ ತಂದು ಇಡಲು ಶುರು ಮಾಡಿತು. ಅಜ್ಜನ ಕರಿ ನಾಯಿ ಓಡುತ್ತಿದ್ದದ್ದು ಹಾಗೆಯೇ. ಎರಡು ಮೈಯುದ್ದ ಮುಂದೆ ಬಂದು ಚೀಲ ಹಿಡಿಯಿತು. ಮೊಬೈಲಿನಲ್ಲಿ 15 ಸೆಕೆಂಡಿನ ಹತ್ತಿರ. ನನ್ನ ಕಣ್ಣು ತುಂಬಿ ಬಂತು. ಕಾಕಾ ಏನೂ ಮಾತಾಡಲಿಲ್ಲ. ಇಳಿದು ಬಂದು ಚಂಪಿಯ ಎದೆಯ ಮೇಲೆ ಕೈ ಇಟ್ಟು ಎಷ್ಟೋ ಹೊತ್ತು ಹಾಗೇ ನಿಂತಿದ್ದರು. ಆಮೇಲೆ, "ಇದರ ಮರಿ ನನಗೊಂದು ಇಡಪಾ" ಅಂದರು.

ನಾಲ್ಕು ವರ್ಷದಲ್ಲಿ ನನ್ನ ಕೈಯಿಂದ ಎಪ್ಪತ್ತು ಸಾವಿರದ ಹತ್ತಿರ ಹೋಗಿದೆ. ಈ ಯಂತ್ರವನ್ನಷ್ಟೇ ಮಾಡಿಕೊಳ್ಳುವವರಿಗೆ ಹಗ್ಗ, ರಾಟೆ ಸೇರಿ ಎಂಟು ಸಾವಿರದಲ್ಲಿ ಆಗುತ್ತದೆ.

ಈ ವರ್ಷ ದೀಪಾವಳಿ ಮುಗಿದ ಮೇಲೆ ಪಟ್ಟಿ ಮತ್ತೆ ಹದ ಮಾಡುತ್ತೇನೆ. ನಾಯಿ ತರುವವರು ಬೆಳಿಗ್ಗೆ ಆರಕ್ಕೇ ಬನ್ನಿ, ಎಂಟರ ಮೇಲೆ ನಾನು ಓಡಿಸುವುದಿಲ್ಲ. ಹಿಂದಿನ ರಾತ್ರಿ ಉಣ್ಣಿಸಿದ ಮೇಲೆ ಏನೂ ಹಾಕಬೇಡಿ, ಹೊಟ್ಟೆ ತುಂಬಿದ ನಾಯಿ ಓಡಿದರೆ ಹೊಟ್ಟೆ ಉಬ್ಬರ ಬರಬಹುದು. ಲಸಿಕೆಯ ಚೀಟಿ ಕಡ್ಡಾಯ. ನೀರಿನ ಬೋಗುಣಿ, ಒಂದು ಒದ್ದೆ ಟವಲು ಜೊತೆಗಿರಲಿ.