ಫ್ಲಶ್ ಸರಿಯಾಗಿ ಆಗದಿದ್ದರೆ ಮೊದಲು ಒಂದು ಬಕೆಟ್ ನೀರು

ಕಮೋಡ್ ಫ್ಲಶ್ ಸೋತಿದೆ ಎಂದಾಗ ನಾನು ಮೊದಲು ಟ್ಯಾಂಕ್ ಮುಟ್ಟುವುದಿಲ್ಲ. ಏಳೆಂಟು ಲೀಟರ್ ನೀರನ್ನು ಬಕೆಟ್ಟಿನಿಂದ ರಭಸವಾಗಿ ಕಮೋಡಿಗೆ ಸುರಿಯುತ್ತೇನೆ. ಎಲ್ಲವೂ ಸಲೀಸಾಗಿ ಕೊಚ್ಚಿಹೋದರೆ ಟ್ರ್ಯಾಪೂ (ಕಮೋಡಿನ ತಳದ ಬಾಗಿದ ಕೊಳವೆ) ಪೈಪೂ ಚೆನ್ನಾಗಿವೆ, ದೋಷ ಮೇಲಿದೆ. ನೀರು ಮೇಲೇರತೊಡಗಿದರೆ ಸುರಿಯುವುದನ್ನು ತಕ್ಷಣ ನಿಲ್ಲಿಸಿ, ಕೆಳಗೆ ಕಟ್ಟಿಕೊಂಡಿದೆ. ಇದನ್ನು ನೋಡದೆ ಟೈಲ್ಸ್ ಒಡೆಸಬೇಡಿ.

ಟ್ಯಾಂಕಿನಲ್ಲಿ ನೀರು ಓವರ್‌ಫ್ಲೋ ಪೈಪಿನ (ಹೆಚ್ಚಾದ ನೀರು ಇಳಿದುಹೋಗುವ ಕೊಳವೆ) ಬಾಯಿಗಿಂತ ಸುಮಾರು ಒಂದು ಇಂಚು ಕೆಳಗೆ ನಿಲ್ಲಬೇಕು. ಅದಕ್ಕಿಂತ ಕಡಿಮೆಯಿದ್ದರೆ ನೀರಿನ ಮೇಲೆ ತೇಲುವ ಫ್ಲೋಟಿನ ಸ್ಕ್ರೂ ತಿರುಗಿಸಿ ಮಟ್ಟ ಏರಿಸಿ. ತುಂಬುವುದೇ ನಿಧಾನವಾದರೆ ಒಳಹರಿವಿನ ವಾಲ್ವಿನ ಜಾಲರಿ ಬಿಚ್ಚಿ ನೋಡಿ, ಮರಳು ಕೂತಿರುತ್ತದೆ. ಹತ್ತು ಲೀಟರಿಗೆಂದು ಮಾಡಿದ ಹಳೆಯ ಕಮೋಡಿಗೆ ಆರು ಲೀಟರಿನ ಹೊಸ ಟ್ಯಾಂಕ್ ಜೋಡಿಸಿದ್ದರೆ ಯಾವ ರಿಪೇರಿಯೂ ಸಾಲದು.

ಬೋರ್‌ವೆಲ್ ನೀರಿನ ಮನೆಗಳಲ್ಲಿ ನಾನು ಹೆಚ್ಚು ಅನುಮಾನಿಸುವುದು ರಿಮ್ಮಿನ, ಅಂದರೆ ಕಮೋಡಿನ ಮೇಲಂಚಿನ ಅಡಿಯಲ್ಲಿ ನೀರು ಇಳಿಯುವ, ತೂತುಗಳನ್ನು. ಗಡಸು ನೀರಿನ ಸುಣ್ಣ ಪದರಗಟ್ಟಿ ತೂತು ಕಿರಿದಾಗುತ್ತದೆ. ಟ್ಯಾಂಕ್ ತುಂಬಿದ್ದರೂ ನೀರು ಒಮ್ಮೆಲೇ ಇಳಿಯದೆ ಜಿನುಗುತ್ತದೆ. ಆ ವೇಗವಿಲ್ಲದೆ ಟ್ರ್ಯಾಪಿನ ತಿರುವನ್ನು ಮಲ ದಾಟುವುದಿಲ್ಲ. ರಿಮ್ಮಿನ ಕೆಳಗೆ ಕನ್ನಡಿ ಹಿಡಿದರೆ ಎಲ್ಲ ಕಾಣುತ್ತದೆ. ಟ್ಯಾಂಕಿಗೆ ನೀರು ಬರುವ ಆಂಗಲ್ ಕಾಕ್ ನಲ್ಲಿ ಮುಚ್ಚಿ, ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿ. ಒಂದು ಲೀಟರ್ ಬೆಚ್ಚನೆಯ ನೀರಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ಟಿಶ್ಯೂ ಕಾಗದ ನೆನೆಸಿ ರಿಮ್ಮಿನಡಿ ಒತ್ತಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದ ಕಿತ್ತು ಬೇರೆ ಚೀಲಕ್ಕೆ ಹಾಕಿ, ಪ್ಲಾಸ್ಟಿಕ್ ಹೊದಿಕೆಯ ತಂತಿಯಿಂದ ಒಂದೊಂದೇ ತೂತು ಕೆದಕಿ. ಬರೀ ತಂತಿ ಗೀಚಿದರೆ ಮೇಲಿನ ಹೊಳಪಿನ ಲೇಪ (ಗ್ಲೇಜ್) ಹೋಗಿ ಕೊಳೆ ಇನ್ನೂ ಬೇಗ ಹಿಡಿಯುತ್ತದೆ. ಕುದಿಯುವ ನೀರು ಬೇಡ, ಪಿಂಗಾಣಿ ಸೀಳುತ್ತದೆ. ಯಾವುದೇ ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಬೆರೆಸಲೇಬೇಡಿ. ಹೊರಬರುವ ಕ್ಲೋರಿನ್ ಅನಿಲ ಪ್ರಾಣ ತೆಗೆಯಬಲ್ಲದು.

ಕಟ್ಟಿಕೊಂಡಿದ್ದರೆ ಪ್ಲಂಜರಿನ ರಬ್ಬರ್ ನೀರಿನಲ್ಲಿ ಮುಳುಗಿರುವಂತೆ ಇಟ್ಟು ಹದಿನೈದಿಪ್ಪತ್ತು ಸಲ ಒತ್ತಿ ಎಳೆಯಿರಿ. ಜಗ್ಗದಿದ್ದರೆ ಹೊರಗಿನ ಚೇಂಬರ್ ಮುಚ್ಚಳ ತೆಗೆಯಿರಿ. ಅದು ಖಾಲಿಯಿದ್ದರೆ ತಡೆ ಕಮೋಡಿಗೂ ಚೇಂಬರಿಗೂ ನಡುವೆ. ತುಂಬಿ ನಿಂತಿದ್ದರೆ ತಡೆ ಅದರಾಚೆ, ಅಥವಾ ಸೆಪ್ಟಿಕ್ ಟ್ಯಾಂಕ್ ತುಂಬಿದೆ. ಆಗ ಸಕ್ಕಿಂಗ್ ಯಂತ್ರದ ಗಾಡಿ ಕರೆಸಿ. ಗುಂಡಿಯೊಳಗೆ ಯಾರನ್ನೂ ಇಳಿಸಬೇಡಿ: ವಿಷಾನಿಲ ಕ್ಷಣದಲ್ಲಿ ಕೊಲ್ಲುತ್ತದೆ, ರಕ್ಷಣಾ ಸಾಧನವಿಲ್ಲದೆ ಹಾಗೆ ಕೆಲಸ ಮಾಡಿಸುವುದು ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧವೂ ಹೌದು.