ಕೇಳದೆ ಬಂದು ಕುಳಿತ ಎಕ್ಸ್‌ಟೆನ್ಶನ್: ಬ್ರೌಸರಿನಿಂದ ಅದನ್ನು ಬುಡಸಮೇತ ತೆಗೆಯುವ ಬಗೆ

ಕಳೆದ ವರ್ಷ ಊರಿಗೆ ಹೋದಾಗ, ಜಮೀನಿನ ಪಹಣಿ ತೆಗೆದುಕೊಡಲೆಂದು ತಂದೆಯವರ ಕಂಪ್ಯೂಟರಿನ ಮುಂದೆ ಕುಳಿತೆ. ಕ್ರೋಮ್‌ನ ವಿಳಾಸಪಟ್ಟಿಯಲ್ಲಿ ಏನೇ ಬರೆದರೂ ಅದು ಹೆಸರೇ ಕೇಳಿರದ ಒಂದು ಹುಡುಕಾಟದ ಪುಟಕ್ಕೆ ಹೋಗಿ ನಿಲ್ಲುತ್ತಿತ್ತು. ಎಕ್ಸ್‌ಟೆನ್ಶನ್‌ಗಳ, ಅಂದರೆ ಬ್ರೌಸರಿಗೆ ಹೆಚ್ಚುವರಿ ಕೆಲಸ ಕಲಿಸುವ ಪುಟ್ಟ ತಂತ್ರಾಂಶಗಳ, ಪಟ್ಟಿಯನ್ನು ತೆರೆದು ನೋಡಿದರೆ ಅಲ್ಲೊಂದು ಅಪರಿಚಿತ ಹೆಸರು. ಅದರ ಕೆಳಗೆ ಇರಬೇಕಾದ ‘ರಿಮೂವ್’ ಗುಂಡಿ ಇರಲಿಲ್ಲ. ಅದನ್ನು ಅಡ್ಮಿನಿಸ್ಟ್ರೇಟರ್ ಸ್ಥಾಪಿಸಿದ್ದಾರೆ ಎಂಬ ಸೂಚನೆ ಮಾತ್ರ ಇತ್ತು. ಎಪ್ಪತ್ತು ದಾಟಿದ ಒಬ್ಬರೇ ಬಳಸುವ ಮನೆಯ ಕಂಪ್ಯೂಟರಿಗೆ ಯಾವ ಅಡ್ಮಿನಿಸ್ಟ್ರೇಟರ್? ಅಂದು ಸಂಜೆ ಹೇಗೋ ಅದನ್ನು ಅಳಿಸಿದೆ. ಮರುದಿನ ಬೆಳಿಗ್ಗೆ ಅದು ಮತ್ತೆ ಅದೇ ಜಾಗದಲ್ಲಿತ್ತು. ಕೆಲವು ವಾರಗಳ ಹಿಂದೆ ಪಿಡಿಎಫ್ ಕಡತಗಳನ್ನು ಜೋಡಿಸಲೆಂದು ತಂದೆಯವರು ಹಾಕಿಕೊಂಡಿದ್ದ ಉಚಿತ ತಂತ್ರಾಂಶವೇ ಅದನ್ನು ಮತ್ತೆ ಮತ್ತೆ ತಂದಿಡುತ್ತಿತ್ತು.

ಇಂತಹ ಎಕ್ಸ್‌ಟೆನ್ಶನ್ ಕಣ್ಣಿಗೆ ಬಿದ್ದಾಗ ಅದನ್ನು ಅಳಿಸುವುದಕ್ಕಿಂತ ಮೊದಲು ಅದನ್ನು ತಂದವರು ಯಾರು ಎಂದು ಪತ್ತೆಹಚ್ಚಬೇಕು. ಈ ಕ್ರಮ ಹಿಂದುಮುಂದಾದರೆ ಮಾಡಿದ ಕೆಲಸವೆಲ್ಲ ವ್ಯರ್ಥವಾಗುತ್ತದೆ.

ತಂದವರು ಕಳ್ಳ ಕಂಪನಿಗಳೇ ಆಗಿರಬೇಕೆಂದಿಲ್ಲ. 2009ರ ಆರಂಭದಲ್ಲಿ ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ ತಂತ್ರಾಂಶಗಳು ಓಡಲು ನೆರವಾಗುವ ಡಾಟ್ ನೆಟ್ ಫ್ರೇಮ್‌ವರ್ಕ್ 3.5ರ ಸರ್ವಿಸ್ ಪ್ಯಾಕನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಕಳಿಸಿದಾಗ, ತನ್ನದಲ್ಲದ ಫೈರ್‌ಫಾಕ್ಸ್ ಬ್ರೌಸರಿನೊಳಕ್ಕೂ ‘ಡಾಟ್ ನೆಟ್ ಫ್ರೇಮ್‌ವರ್ಕ್ ಅಸಿಸ್ಟೆಂಟ್’ ಎಂಬ ಆಡ್-ಆನ್ (ಫೈರ್‌ಫಾಕ್ಸ್‌ನಲ್ಲಿ ಎಕ್ಸ್‌ಟೆನ್ಶನ್‌ನಂತಹವುಗಳಿಗೆ ಇರುವ ಹೆಸರು) ಅನ್ನು ಬಳಕೆದಾರರನ್ನು ಕೇಳದೆಯೇ ಸೇರಿಸಿತು. ಪಟ್ಟಿಯಲ್ಲಿ ಅದರ ಹೆಸರಿನ ಪಕ್ಕದಲ್ಲಿ ‘ಅನ್‌ಇನ್‌ಸ್ಟಾಲ್’ ಗುಂಡಿ ಕಾಣುತ್ತಿತ್ತಾದರೂ ಬಣ್ಣಗೆಟ್ಟು ಮಂಕಾಗಿತ್ತು, ಒತ್ತಿದರೆ ಕೆಲಸ ಮಾಡುತ್ತಿರಲಿಲ್ಲ. ಜನರ ಆಕ್ಷೇಪಣೆಯ ನಂತರ, ಅದೇ ವರ್ಷದ ಮೇ ತಿಂಗಳಲ್ಲಿ ಆ ಗುಂಡಿಗೆ ಜೀವ ಬಂದಿತು. ಅಕ್ಟೋಬರ್‌ನಲ್ಲಿ, ಇದರ ಜೊತೆಯಲ್ಲೇ ಬಂದಿದ್ದ ಇನ್ನೊಂದು ಪ್ಲಗಿನ್‌ನಲ್ಲಿ ಗಂಭೀರ ಭದ್ರತಾ ಲೋಪವಿರುವುದು ತಿಳಿದಾಗ, ಫೈರ್‌ಫಾಕ್ಸ್ ತಯಾರಕರಾದ ಮೊಝಿಲ್ಲಾ ಸಂಸ್ಥೆಯು ಎರಡನ್ನೂ ತಾನೇ ತಡೆಹಿಡಿಯಬೇಕಾಯಿತು. 2017ರ ಜನವರಿಯಲ್ಲಿ ಅಡೋಬಿ ಕಂಪನಿಯ ಅಕ್ರೋಬ್ಯಾಟ್ ರೀಡರ್‌ನ ಭದ್ರತಾ ಅಪ್‌ಡೇಟ್ ಜೊತೆಗೆ ಕ್ರೋಮ್ ಎಕ್ಸ್‌ಟೆನ್ಶನ್ ಒಂದು ಬಂದಿತು; ಕೆಲವೇ ದಿನಗಳಲ್ಲಿ ಗೂಗಲ್‌ನ ಭದ್ರತಾ ಸಂಶೋಧಕ ಟಾವಿಸ್ ಒರ್ಮಂಡಿ ಅದರಲ್ಲಿಯೂ ಲೋಪ ಕಂಡುಹಿಡಿದರು. ಭದ್ರತೆಗಾಗಿ ಬಂದ ಅಪ್‌ಡೇಟ್ ತನ್ನೊಡನೆ ಹೊಸ ಬಿರುಕನ್ನೂ ತಂದಿತ್ತು ಎಂಬುದನ್ನು ನಾನು ಇಂದಿಗೂ ಕ್ಷಮಿಸಲಾರೆ.

ಇದನ್ನು ಏಕೆ ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕೆಂದರೆ, ‘ಎಲ್ಲ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಎಲ್ಲ ಡೇಟಾವನ್ನು ಓದುವುದು ಮತ್ತು ಬದಲಾಯಿಸುವುದು’ ಎಂಬ ಅನುಮತಿಯನ್ನು ಪಡೆದ ಎಕ್ಸ್‌ಟೆನ್ಶನ್, ನೀವು ತೆರೆಯುವ ಬ್ಯಾಂಕಿನ ಪುಟವನ್ನೂ ಇಮೇಲನ್ನೂ ನೋಡಬಲ್ಲದು. ಬ್ಯಾಂಕಿನ ಪುಟ ಎಷ್ಟೇ ಸುರಕ್ಷಿತವಾಗಿ ಬಂದರೂ ಅದು ತೆರೆದುಕೊಳ್ಳುವುದು ಬ್ರೌಸರಿನೊಳಗೆ. ಎಕ್ಸ್‌ಟೆನ್ಶನ್ ಇರುವುದೂ ಅಲ್ಲಿಯೇ.

ಈಗ ಕೆಲಸಕ್ಕೆ ಬರೋಣ. ಕ್ರೋಮ್‌ನಲ್ಲಿ ಬಲತುದಿಯ ಮೂರು ಚುಕ್ಕಿಗಳನ್ನು ಒತ್ತಿ, ‘ಎಕ್ಸ್‌ಟೆನ್ಶನ್ಸ್’ ಮೂಲಕ ‘ಮ್ಯಾನೇಜ್ ಎಕ್ಸ್‌ಟೆನ್ಶನ್ಸ್’ ಪುಟಕ್ಕೆ ಹೋಗಿ. ಎಡ್ಜ್‌ನಲ್ಲಿಯೂ ದಾರಿ ಹೆಚ್ಚುಕಡಿಮೆ ಇದೇ. ಫೈರ್‌ಫಾಕ್ಸ್‌ನಲ್ಲಿ ಮೂರು ಗೆರೆಗಳ ಮೆನುವಿನಿಂದ ಆಡ್-ಆನ್‌ಗಳ ಪುಟ ಸಿಗುತ್ತದೆ. ಪಟ್ಟಿಯಲ್ಲಿರುವ ಪ್ರತಿಯೊಂದು ಹೆಸರನ್ನೂ ಓದಿ, ‘ಇದನ್ನು ನಾನೇ ಹಾಕಿಕೊಂಡೆನೇ?’ ಎಂದು ಕೇಳಿಕೊಳ್ಳಿ. ನೆನಪಾಗದಿದ್ದರೆ ಅದರ ‘ಡೀಟೇಲ್ಸ್’ ಒತ್ತಿ. ಅಲ್ಲಿ ‘ಸೋರ್ಸ್’ ಎಂಬ ಸಾಲಿನಲ್ಲಿ ಕ್ರೋಮ್ ವೆಬ್ ಸ್ಟೋರ್ ಎಂದಿದೆಯೋ, ಮೂರನೆಯವರು ಸೇರಿಸಿದ್ದು ಎಂದಿದೆಯೋ ನೋಡಿ. ಎರಡನೆಯದಾಗಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿರುವ ಬೇರೊಂದು ತಂತ್ರಾಂಶ ಅದನ್ನು ತಂದಿದೆ ಎಂದರ್ಥ. ಸಂಶಯಕ್ಕೆ ಒಳಗಾದದ್ದನ್ನು ಸದ್ಯಕ್ಕೆ ಆಫ್ ಮಾಡಿ, ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ನಂತರ ಬ್ರೌಸರನ್ನು ಮುಚ್ಚಿ, ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ಡ್ ಆ್ಯಪ್ಸ್’ ತೆರೆಯಿರಿ. ಪಟ್ಟಿಯನ್ನು ಹೆಸರಿನ ಬದಲು ಸ್ಥಾಪನೆಯ ದಿನಾಂಕದ ಪ್ರಕಾರ ಜೋಡಿಸಿಕೊಳ್ಳಿ. ತೊಂದರೆ ಆರಂಭವಾದ ದಿನದ ಆಸುಪಾಸಿನಲ್ಲಿ ಏನೇನು ಬಂದಿದೆ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಒಂದೇ ದಿನ ಎರಡು ಮೂರು ಹೆಸರು ಒಟ್ಟಿಗೆ ಬಂದಿದ್ದು, ಅವುಗಳಲ್ಲಿ ನಿಮಗೆ ಗೊತ್ತಿರುವುದು ಒಂದೇ ಆಗಿದ್ದರೆ ಉಳಿದವು ಅದರ ಬೆನ್ನಿಗೆ ಬಂದವಾಗಿರುವ ಸಾಧ್ಯತೆ ಹೆಚ್ಚು. ಬೇಡವಾದವುಗಳನ್ನು ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರನ್ನು ಮರುಪ್ರಾರಂಭಿಸಿ. ಬ್ರೌಸರಿಗೆ ಹಿಂದಿರುಗಿ ಎಕ್ಸ್‌ಟೆನ್ಶನ್ ತೆಗೆಯಬೇಕಾದದ್ದು ಇದಾದ ಮೇಲೆ.

ತಂದೆಯವರ ಕಂಪ್ಯೂಟರಿನಲ್ಲಿ ಆದಂತೆ ‘ರಿಮೂವ್’ ಗುಂಡಿಯೇ ಇಲ್ಲದಿದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಕಚೇರಿಗಳಲ್ಲಿ ನೂರಾರು ಕಂಪ್ಯೂಟರುಗಳಿಗೆ ಒಂದೇ ಬಗೆಯ ಎಕ್ಸ್‌ಟೆನ್ಶನ್ ಹಾಕಲು ಬ್ರೌಸರುಗಳು ‘ಪಾಲಿಸಿ’ ಎಂಬ ವ್ಯವಸ್ಥೆಯನ್ನು ಒದಗಿಸಿವೆ. ಅದರ ಮೂಲಕ ಬಂದದ್ದನ್ನು ಸಾಮಾನ್ಯ ಬಳಕೆದಾರರು ತೆಗೆಯಲಾಗದು. ಬೇಡದ ತಂತ್ರಾಂಶಗಳು ಮನೆಯ ಕಂಪ್ಯೂಟರಿನಲ್ಲಿ ಇದೇ ಬಾಗಿಲನ್ನು ಬಳಸಿಕೊಳ್ಳುತ್ತವೆ. ಕ್ರೋಮ್‌ನ ಮೆನುವಿನ ಕೊನೆಯಲ್ಲಿ, ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ಕಂಡರೆ ಅದೇ ಸುಳಿವು. ವಿಳಾಸಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಕ್ರೋಮ್ ಎಂದು ಬರೆದು, ಕೋಲನ್ ಮತ್ತು ಎರಡು ಓರೆಗೆರೆ ಹಾಕಿ, ಪಾಲಿಸಿ ಎಂದು ಸೇರಿಸಿ ಎಂಟರ್ ಒತ್ತಿದರೆ ಜಾರಿಯಲ್ಲಿರುವ ನಿಯಮಗಳ ಪಟ್ಟಿ ಕಾಣುತ್ತದೆ. ಅದರಲ್ಲಿ ‘ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್’ ಇದ್ದರೆ ಬಲವಂತದ ಸ್ಥಾಪನೆ ನಡೆದಿದೆ. ಕಂಪ್ಯೂಟರ್ ನಿಮ್ಮ ಕಂಪನಿಯದೋ ಕಾಲೇಜಿನದೋ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ, ಅಲ್ಲಿನ ಐಟಿ ವಿಭಾಗದವರನ್ನು ಕೇಳಿ. ಅವರೇ ಕಾರಣವಿಟ್ಟು ಹಾಕಿರಬಹುದು. ಸ್ವಂತದ್ದಾಗಿದ್ದರೆ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ತಿದ್ದುವ ರಿಜಿಸ್ಟ್ರಿ ಎಡಿಟರ್ ತೆರೆದು, ‘ಎಚ್‌ಕೀ ಲೋಕಲ್ ಮಷಿನ್’ನ ‘ಸಾಫ್ಟ್‌ವೇರ್’ ಒಳಗೆ ‘ಪಾಲಿಸೀಸ್’, ‘ಗೂಗಲ್’, ‘ಕ್ರೋಮ್’ ಎಂಬ ಕ್ರಮದಲ್ಲಿ ಸಾಗಿ, ಮೊದಲು ಆ ಭಾಗವನ್ನು ಎಕ್ಸ್‌ಪೋರ್ಟ್ ಮಾಡಿ ಕಾಪಿಟ್ಟುಕೊಂಡು, ಆಮೇಲೆ ಫೋರ್ಸ್‌ಲಿಸ್ಟ್ ಅನ್ನು ಅಳಿಸಬೇಕು. ರಿಜಿಸ್ಟ್ರಿಯಲ್ಲಿ ಕೈ ತಪ್ಪಿದರೆ ವಿಂಡೋಸ್‌ಗೇ ಧಕ್ಕೆಯಾಗುವುದರಿಂದ, ಅಭ್ಯಾಸವಿಲ್ಲದವರು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದೇ ಸರಿ.

ಒಂದೇ ಗೂಗಲ್ ಖಾತೆಯನ್ನು ಮನೆಯ ಮತ್ತು ಕಚೇರಿಯ ಕಂಪ್ಯೂಟರುಗಳೆರಡರಲ್ಲೂ ಬಳಸುವವರು ‘ಸಿಂಕ್’ ಅನ್ನು ಮರೆಯಬಾರದು, ಏಕೆಂದರೆ ಒಂದು ಕಡೆ ಸೇರಿದ ಎಕ್ಸ್‌ಟೆನ್ಶನ್ ಖಾತೆಯ ಮೂಲಕ ಇನ್ನೊಂದು ಕಡೆಗೂ ತಲುಪಬಹುದು. ಶುಚಿ ಮಾಡುವಾಗ ಸಿಂಕ್ ನಿಲ್ಲಿಸಿ, ಎರಡನ್ನೂ ಪರಿಶೀಲಿಸಿದ ಬಳಿಕ ಮತ್ತೆ ಆರಂಭಿಸಿ. ಜೊತೆಗೆ ಸರ್ಚ್ ಎಂಜಿನ್, ಮುಖಪುಟ ಹಾಗೂ ನೋಟಿಫಿಕೇಶನ್‌ಗೆ ಅನುಮತಿ ಪಡೆದಿರುವ ತಾಣಗಳ ಪಟ್ಟಿಯನ್ನು ನೋಡಿ. ಡೆಸ್ಕ್‌ಟಾಪ್‌ನಲ್ಲಿರುವ ಬ್ರೌಸರ್ ಶಾರ್ಟ್‌ಕಟ್‌ನ ‘ಟಾರ್ಗೆಟ್’ ಸಾಲಿನ ಕೊನೆಗೆ ಯಾವುದಾದರೂ ವೆಬ್ ವಿಳಾಸ ಅಂಟಿಕೊಂಡಿದ್ದರೆ ಅದನ್ನು ಅಳಿಸಿ.

ಬ್ರೌಸರ್ ತಯಾರಕರು ಈ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದಿದ್ದಾರೆ. 2011ರ ಫೈರ್‌ಫಾಕ್ಸ್ 8ರಿಂದ ಹಾಗೂ 2013ರ ಕ್ರೋಮ್ 25ರಿಂದ, ಹೊರಗಿನ ತಂತ್ರಾಂಶ ತಂದಿಟ್ಟ ಎಕ್ಸ್‌ಟೆನ್ಶನ್ ನೀವು ಒಪ್ಪುವವರೆಗೆ ನಿಷ್ಕ್ರಿಯವಾಗಿರುತ್ತದೆ. ಆದ್ದರಿಂದ ಬ್ರೌಸರ್ ತೆರೆದ ಕೂಡಲೇ ‘ಹೊಸ ಎಕ್ಸ್‌ಟೆನ್ಶನ್ ಸೇರಿಸಲಾಗಿದೆ’ ಎಂಬ ಪುಟ್ಟ ಚೌಕ ಬಂದಾಗ, ಅವಸರದಲ್ಲಿ ‘ಎನೇಬಲ್’ ಒತ್ತಿಬಿಡಬೇಡಿ. ಆ ಚೌಕ ಬಂದಿರುವುದೇ ನಿಮ್ಮನ್ನು ಕೇಳಲು.

ಹೊಸ ತಂತ್ರಾಂಶ ಹಾಕುವಾಗ ‘ಎಕ್ಸ್‌ಪ್ರೆಸ್’ ಅಥವಾ ‘ರೆಕಮೆಂಡೆಡ್’ ಬಿಟ್ಟು ‘ಕಸ್ಟಮ್’ ಆರಿಸಿ. ಮೂರನೆಯದೋ ನಾಲ್ಕನೆಯದೋ ಪರದೆಯಲ್ಲಿ, ದೊಡ್ಡ ‘ನೆಕ್ಸ್ಟ್’ ಗುಂಡಿಯ ಮೇಲುಗಡೆ ಸಣ್ಣ ಅಕ್ಷರದ ಸಾಲಿನ ಪಕ್ಕದಲ್ಲಿ ಮೊದಲೇ ಟಿಕ್ ಹಾಕಿಟ್ಟ ಚೌಕವಿರುವುದುಂಟು. ಆ ಟಿಕ್ ನೀವು ಹಾಕಿದ್ದಲ್ಲ, ಆದರೆ ‘ನೆಕ್ಸ್ಟ್’ ಒತ್ತಿದರೆ ನಿಮ್ಮ ಒಪ್ಪಿಗೆಯೆಂದೇ ಲೆಕ್ಕ. ಕನ್ನಡದ ಫಾಂಟ್ ಬೇಕಿರಲಿ, ಪಿಡಿಎಫ್ ಸಾಧನ ಬೇಕಿರಲಿ, ಹುಡುಕಾಟದ ಫಲಿತಾಂಶದಲ್ಲಿ ಮೇಲೆ ಕಾಣುವ ಜಾಹೀರಾತನ್ನು ಬಿಟ್ಟು ತಯಾರಕರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ.

ಇಷ್ಟಾದ ಮೇಲೆ ದೂರು ಕೊಡಿ. ಫೈರ್‌ಫಾಕ್ಸ್‌ನಲ್ಲಿ ಆಡ್-ಆನ್ ಪಕ್ಕದ ಮೂರು ಚುಕ್ಕಿಗಳಲ್ಲಿ ‘ರಿಪೋರ್ಟ್’ ಇದೆ, ಕ್ರೋಮ್ ವೆಬ್ ಸ್ಟೋರ್‌ನ ಪುಟದಲ್ಲಿಯೂ ಅಂತಹ ಅವಕಾಶವಿದೆ. ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು, ಗ್ರಾಹಕರನ್ನು ದಾರಿ ತಪ್ಪಿಸುವ ಹದಿಮೂರು ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು ಹೆಸರಿಸಿದೆ. ನಿಮಗಾದದ್ದು ಅವುಗಳಲ್ಲಿ ಒಂದನ್ನು ಹೋಲುತ್ತದೆ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಟಿಕ್ ಹಾಕಿಟ್ಟ ಆ ಪರದೆಯ ಸ್ಕ್ರೀನ್‌ಶಾಟ್, ತಂತ್ರಾಂಶದ ಹೆಸರು ಮತ್ತು ಸ್ಥಾಪನೆಯ ದಿನಾಂಕ ಕೈಯಲ್ಲಿರಲಿ. ಚೀಟಿಯಲ್ಲಿ ಬರೆದಿಟ್ಟುಕೊಂಡ ಆ ಎಕ್ಸ್‌ಟೆನ್ಶನ್ ಹೆಸರು ಈಗ ಉಪಯೋಗಕ್ಕೆ ಬರುತ್ತದೆ.